ಸಣ್ಣ ಉದ್ಯಮಕ್ಕೆ ಯಾವ ವಕೀಲರು ಬೇಕು? ಸಿಎ, ಆನ್‌ಲೈನ್ ಸೇವೆ, ಕೋರ್ಟ್ ವಕೀಲರು, ಬಿಸಿನೆಸ್ ವಕೀಲರು – ಒಂದು ಹೋಲಿಕೆ

ನಮ್ಮ ಮಹಿಳಾ ಉದ್ಯಮಿಗಳ ಗುಂಪಿನಲ್ಲಿ ಆಗಾಗ ಬರುವ ಪ್ರಶ್ನೆ ಒಂದಿದೆ: "ಒಳ್ಳೆ ವಕೀಲರು ಯಾರಾದರೂ ಇದ್ದರೆ ನಂಬರ್ ಕಳಿಸಿ." ಕೂಡಲೇ ಐದಾರು ನಂಬರ್ ಬರುತ್ತವೆ. ಒಬ್ಬರು ಆಸ್ತಿ ಪಾಲಿನ ಕೇಸ್ ನಡೆಸುವವರು, ಇನ್ನೊಬ್ಬರು ಅಪಘಾತ ಪರಿಹಾರದ ಕೇಸಿನವರು, ಮತ್ತೊಬ್ಬರು ಯಾರದೋ ಭಾವನ ಗೆಳೆಯರು. ಎಲ್ಲರೂ ಒಳ್ಳೆಯವರೇ ಇರಬಹುದು. ಆದರೆ ಕೇಳಿದಾಕೆಗೆ ಬೇಕಾಗಿದ್ದು ಗೋಡೌನ್ ಬಾಡಿಗೆಯ ಕರಾರು. ನಿಮ್ಮ ಕೆಲಸ ಏನು ಅಂತ ಯಾರೂ ಕೇಳಿರುವುದಿಲ್ಲ.

ನಾನು ಮತ್ತು ನಮ್ಮ ಅತ್ತಿಗೆ ಹುಬ್ಬಳ್ಳಿಯಲ್ಲಿ ಮಸಾಲೆ ಪುಡಿ, ಶೇಂಗಾ ಚಟ್ನಿ, ಅಗಸೆ ಚಟ್ನಿ ಮಾಡುವ ಸಣ್ಣ ಘಟಕ ನಡೆಸುತ್ತೇವೆ. ಬ್ಯಾಡಗಿ ಮೆಣಸಿನಕಾಯಿ ಪಕ್ಕದಲ್ಲೇ ಸಿಗುತ್ತದೆ, ಕೆಲಸ ಮಾಡುವ ಕೈಗಳೂ ಇವೆ. ಮಾಲು ಮಾಡುವುದರಲ್ಲಿ ನಮಗೆ ತೊಂದರೆ ಬಂದಿಲ್ಲ. ತೊಂದರೆ ಬಂದಿದ್ದು ಕಾಗದದಲ್ಲಿ ಮತ್ತು ಬಾಕಿ ವಸೂಲಿಯಲ್ಲಿ. ಈ ವರ್ಷಗಳಲ್ಲಿ ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆಯವರ ಹತ್ತಿರ ಹೋಗಿದ್ದೇವೆ. ಅದರಿಂದ ಒಂದು ಮಾತು ಗಟ್ಟಿಯಾಗಿ ಹೇಳಬಲ್ಲೆ. ವಕೀಲರ ಹೆಸರು ಹುಡುಕುವ ಮೊದಲು ಕೆಲಸಕ್ಕೆ ಹೆಸರಿಡಿ. ಕರಾರು ಮಾಡಿಸಬೇಕಾ? ಬಾಕಿ ದುಡ್ಡು ಬರಬೇಕಾ? ಇಲಾಖೆಯ ನೋಟಿಸಿಗೆ ಉತ್ತರ ಕೊಡಬೇಕಾ? ಇವಕ್ಕೆಲ್ಲ ಒಬ್ಬರೇ ಸಿಗುವುದು ಅಪರೂಪ, ಸಿಗಬೇಕು ಅಂತಲೂ ಇಲ್ಲ.

ಸಿಎ ಹತ್ತಿರವೇ ಮುಗಿಯುವ ಕೆಲಸ

ಸಣ್ಣ ಉದ್ಯಮದವರಿಗೆ ಮೊದಲು ನೆನಪಾಗುವವರು ಸಿಎ. ಅವರ ಹತ್ತಿರ ನಮ್ಮ ಲೆಕ್ಕ ಪೂರ್ತಿ ಇರುತ್ತದೆ, ಫೋನ್ ಮಾಡಿದರೆ ಎತ್ತುತ್ತಾರೆ. ಜಿಎಸ್‌ಟಿ ನೋಟಿಸು ಬಂದರೆ ಸಿಎ ಹತ್ತಿರ ಹೋಗುವುದೇ ಸರಿ. ಜಿಎಸ್‌ಟಿ ಅಧಿಕಾರಿಯ ಮುಂದೆ ನಮ್ಮ ಪರವಾಗಿ ಹಾಜರಾಗಲು ಕಾನೂನೇ ಅವರಿಗೆ ಅವಕಾಶ ಕೊಟ್ಟಿದೆ. ಲೆಕ್ಕದ ವ್ಯತ್ಯಾಸಕ್ಕೆ ಬಂದ ನೋಟಿಸನ್ನು ವಕೀಲರ ಹತ್ತಿರ ಒಯ್ದರೆ ಅವರೂ ಕೊನೆಗೆ ಸಿಎಗೇ ಫೋನ್ ಮಾಡುತ್ತಾರೆ. ವಿಷಯ ಮೇಲ್ಮನವಿ, ಹೈಕೋರ್ಟ್ ಅಂತ ಬೆಳೆದಾಗ ತೆರಿಗೆಯ ವಕೀಲರನ್ನು ನೋಡಿದರಾಯಿತು. ನಮ್ಮ ಭಾಗದವರಿಗೆ ಹೈಕೋರ್ಟಿನ ಪೀಠ ಧಾರವಾಡದಲ್ಲೇ ಇದೆ.

ಪಾಲುದಾರಿಕೆ ಪತ್ರವನ್ನು ಸಿಎ ಆಫೀಸಿನಲ್ಲೇ ಮಾಡಿಸುವ ರೂಢಿ ಇದೆ. ಬ್ಯಾಂಕ್ ಖಾತೆ ತೆರೆಯಲು, ಪ್ಯಾನ್ ಮಾಡಿಸಲು ಆ ಪತ್ರ ಸಾಕು. ಆದರೆ ಅದು ಎಲ್ಲರಿಗೂ ಒಂದೇ ನಮೂನೆ, ಹೆಸರು ಮತ್ತು ಪಾಲು ಮಾತ್ರ ಬದಲಾಗುತ್ತವೆ. ಒಬ್ಬರು ಹೊರಗೆ ಹೋದರೆ ಬ್ರ್ಯಾಂಡ್ ಹೆಸರು ಯಾರದು? ಒಬ್ಬರು ತೀರಿಕೊಂಡರೆ ಅವರ ಮಕ್ಕಳಿಗೆ ಏನು ಸಿಗುತ್ತದೆ? ಅಂಥ ಪತ್ರದಲ್ಲಿ ಇದಕ್ಕೆಲ್ಲ ಸಾಮಾನ್ಯವಾಗಿ ಜಾಗವಿರುವುದಿಲ್ಲ. ಮನೆಯವರೇ ಸೇರಿ ವ್ಯಾಪಾರ ಮಾಡುವಾಗ ಈ ಪ್ರಶ್ನೆ ಎತ್ತುವುದಕ್ಕೇ ಸಂಕೋಚ, ಅಲ್ವಾ? ಹೊರಗಿನವರೊಬ್ಬರು ಕುಳಿತು ಕೇಳಿದರೆ ಸುಲಭವಾಗುತ್ತದೆ. ಅಷ್ಟಕ್ಕಾದರೂ ವಕೀಲರು ಬೇಕು.

ಇನ್ನೊಂದು ವಿಷಯ, ಹಲವರಿಗೆ ಗೊತ್ತಿಲ್ಲದ್ದು. 1932ರ ಪಾಲುದಾರಿಕೆ ಕಾಯ್ದೆಯ 69ನೇ ಕಲಂ ಪ್ರಕಾರ, ನೋಂದಣಿ ಆಗದ ಫರ್ಮ್ ತನ್ನ ಕರಾರಿನ ಬಾಕಿಗಾಗಿ ಹೊರಗಿನವರ ಮೇಲೆ ದಾವೆ ಹಾಕುವಂತಿಲ್ಲ. ಪತ್ರ ಮಾಡಿಸಿ ಫೈಲಿನಲ್ಲಿ ಇಟ್ಟರೆ ಸಾಲದು. ಫರ್ಮುಗಳ ರಿಜಿಸ್ಟ್ರಾರ್ ಹತ್ತಿರ ನೋಂದಣಿ ಆಗಿದೆಯಾ ಅಂತ ಇವತ್ತೇ ನೋಡಿಕೊಳ್ಳಿ.

ಆನ್‌ಲೈನ್ ಸೇವೆಗಳು

ಕಂಪನಿ ನೋಂದಣಿ, ಟ್ರೇಡ್‌ಮಾರ್ಕ್ ಅರ್ಜಿಯಂಥ ಕೆಲಸಕ್ಕೆ ಇವು ಅನುಕೂಲ. ಮೊದಲೇ ದರ ಹೇಳುತ್ತಾರೆ, ಓಡಾಟ ಇಲ್ಲ. ಆದರೆ ತೋರಿಸುವ ದರದಲ್ಲಿ ಸರ್ಕಾರಿ ಶುಲ್ಕ ಸೇರಿದೆಯಾ ಅಂತ ಕೇಳಲೇಬೇಕು. ಟ್ರೇಡ್‌ಮಾರ್ಕ್ ಅರ್ಜಿಯನ್ನು ಆನ್‌ಲೈನ್‌ನಲ್ಲಿ ಹಾಕಿದರೆ ಒಂದು ವರ್ಗಕ್ಕೆ (ಅಂದರೆ ಸರಕಿನ ಒಂದು ಗುಂಪಿಗೆ) ವ್ಯಕ್ತಿಗಳಿಗೆ ಮತ್ತು ಸಣ್ಣ ಉದ್ಯಮಗಳಿಗೆ ಶುಲ್ಕ 4,500 ರೂಪಾಯಿ, ಉಳಿದವರಿಗೆ 9,000. ಸಣ್ಣ ಉದ್ಯಮದ ದಾಖಲೆ ಜೊತೆಗಿಟ್ಟರೆ ಅರ್ಧ ಉಳಿಯುತ್ತದೆ. ಮಸಾಲೆ ಪದಾರ್ಥಗಳು ಬರುವುದು 30ನೇ ವರ್ಗದಲ್ಲಿ. ಹೆಸರು ಬೇರೆ ಯಾರದೂ ಅಲ್ಲ, ಆಕ್ಷೇಪಣೆ ಬರುವ ಸಂಭವ ಕಡಿಮೆ ಅಂತಾದರೆ ಆನ್‌ಲೈನ್‌ನಲ್ಲೇ ಮಾಡಿಸಿ, ಪರವಾಗಿಲ್ಲ.

ತೊಂದರೆ ಇರುವುದು ಆಕ್ಷೇಪಣೆ ಬಂದಾಗ. ನಮ್ಮ ಗೆಳತಿಯೊಬ್ಬರ ಅರ್ಜಿಗೆ ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯಿಂದ ಆಕ್ಷೇಪಣೆ ಇರುವ ಪರೀಕ್ಷಾ ವರದಿ ಬಂತು. ಸೇವೆಯವರು ಉತ್ತರಕ್ಕೆ ಬೇರೆ ಪ್ಯಾಕೇಜ್ ಅಂದರು. ಪ್ರತಿ ಸಲ ಫೋನ್ ಎತ್ತುವವರೂ ಬೇರೆ. ಊರಿನ ಟ್ರೇಡ್‌ಮಾರ್ಕ್ ವಕೀಲರಿಗೆ ಮೊದಲೇ ಕೊಟ್ಟಿದ್ದರೆ ಒಟ್ಟು ಖರ್ಚು ಹೆಚ್ಚು ಕಡಿಮೆ ಅಷ್ಟೇ ಆಗುತ್ತಿತ್ತು ಅಂತ ಆಕೆ ಲೆಕ್ಕ ಹಾಕಿ ತೋರಿಸಿದರು.

ಉದ್ಯಮ್ ನೋಂದಣಿಗಂತೂ, ಅಂದರೆ ನಮ್ಮದು ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ದಾಖಲಿಸುವುದಕ್ಕೆ, ಯಾರಿಗೂ ದುಡ್ಡು ಕೊಡಬೇಡಿ. ಸರ್ಕಾರದ ಪೋರ್ಟಲ್‌ನಲ್ಲಿ ಅದು ಪೂರ್ತಿ ಉಚಿತ. ಅದೇ ಥರ ಕಾಣುವ ಖಾಸಗಿ ವೆಬ್‌ಸೈಟುಗಳು ದುಡ್ಡು ಕೇಳುತ್ತವೆ, ಹುಷಾರು.

"ನಗರದ ನಂಬರ್ ಒನ್ ವಕೀಲರು" ಅಂತ ಸ್ಟಾರ್ ಕೊಟ್ಟು ತೋರಿಸುವ ಪಟ್ಟಿಗಳಿಗೂ ಜಾಸ್ತಿ ಬೆಲೆ ಕೊಡಬೇಡಿ. ನಮ್ಮ ದೇಶದಲ್ಲಿ ವಕೀಲರು ಜಾಹೀರಾತು ಕೊಡುವಂತಿಲ್ಲ. ಬಾರ್ ಕೌನ್ಸಿಲಿನ (ವಕೀಲರ ಪರಿಷತ್ತಿನ) ನಿಯಮವೇ ಹಾಗಿದೆ. ಇಂಥ ಪಟ್ಟಿಗಳ ವಿರುದ್ಧ 2024ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್ ತೀರ್ಪನ್ನೂ ಕೊಟ್ಟಿದೆ. ನಿಜವಾಗಿ ನಿಮ್ಮ ಕೆಲಸಕ್ಕೆ ಬರುವ ಎಷ್ಟೋ ವಕೀಲರ ಹೆಸರು ಅಂಥ ಕಡೆ ಇರುವುದೇ ಇಲ್ಲ.

ಊರಿನ ಕೋರ್ಟ್ ವಕೀಲರು: ಚೆಕ್ ಬೌನ್ಸ್ ಆದಾಗ

ಈ ಭಾಗವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಣ್ಣ ಉದ್ಯಮದವರು ವಕೀಲರ ಆಫೀಸಿಗೆ ಹೋಗುವುದು ಹೆಚ್ಚಾಗಿ ಇದಕ್ಕೇ.

ಬೆಂಗಳೂರಿನ ಒಬ್ಬ ಡಿಸ್ಟ್ರಿಬ್ಯೂಟರ್ ನಮಗೆ ಕೊಟ್ಟ ಚೆಕ್ ಖಾತೆಯಲ್ಲಿ ಹಣವಿಲ್ಲ ಅಂತ ವಾಪಸ್ ಬಂತು. ಯಾರಿಗೆ ಕೇಸ್ ಕೊಡುವುದು ಅಂತ ತೀರ್ಮಾನಿಸುವ ಮೊದಲು ಇಬ್ಬರನ್ನು ಭೇಟಿ ಮಾಡಿದೆವು. ಒಬ್ಬರು ಅಪ್ಪನ ಕಾಲದಿಂದ ನಮ್ಮ ಹೊಲದ ವ್ಯವಹಾರ ನೋಡಿಕೊಂಡವರು, ತುಂಬಾ ದೊಡ್ಡ ಮನುಷ್ಯರು. ಚಹಾ ತರಿಸಿದರು. "ಚಿಂತಿ ಮಾಡಬ್ಯಾಡವಾ, ಒಂದು ನೋಟಿಸ್ ಬಿಟ್ಟು ನೋಡೋಣು" ಅಂದರು. ಇನ್ನೊಬ್ಬರು ಚೆಕ್ ಕೇಸುಗಳನ್ನೇ ಹೆಚ್ಚಾಗಿ ನಡೆಸುವ ಯುವಕ. ಕೂರುವ ಮೊದಲೇ ಕೇಳಿದರು: "ಬ್ಯಾಂಕಿನ ಮೆಮೊ ಎಲ್ಲೈತ್ರಿ ಅಕ್ಕಾರ? ತಾರೀಖು ನೋಡಬೇಕು."

ಚೆಕ್ ಕೇಸಿನಲ್ಲಿ ತಾರೀಖು ತಪ್ಪಿದರೆ ಎಲ್ಲ ತಪ್ಪಿದಂತೆ. ಚೆಕ್ ಮೇಲಿನ ತಾರೀಖಿನಿಂದ 3 ತಿಂಗಳೊಳಗೆ ಅದನ್ನು ಬ್ಯಾಂಕಿಗೆ ಹಾಕಬೇಕು. ವಾಪಸ್ ಬಂದಿದ್ದು ಬ್ಯಾಂಕಿನಿಂದ ಗೊತ್ತಾದ 30 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು. ನೋಟಿಸ್ ಮುಟ್ಟಿದ ಮೇಲೆ ಅವರಿಗೆ ದುಡ್ಡು ಕಟ್ಟಲು 15 ದಿನ. ಕಟ್ಟದಿದ್ದರೆ ಮುಂದಿನ ಒಂದು ತಿಂಗಳೊಳಗೆ ಕೋರ್ಟಿನಲ್ಲಿ ದೂರು ಹಾಕಬೇಕು. ಇದು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ, ಎಲ್ಲರ ಬಾಯಲ್ಲೂ "ವನ್ ಥರ್ಟಿಎಯ್ಟ್". "ನೋಡೋಣ, ನಾಳೆ ಮಾಡೋಣ" ಅನ್ನುವಷ್ಟು ಸಮಯ ಇದರಲ್ಲಿ ಇಲ್ಲ.

ಆ ಯುವಕ ಕೇಳಿದ ಎರಡನೇ ಪ್ರಶ್ನೆ: ಚೆಕ್ ಯಾರ ಖಾತೆಯದು, ಸಹಿ ಮಾಡಿದವರು ಯಾರು? ಚೆಕ್ ಪ್ರೈವೇಟ್ ಲಿಮಿಟೆಡ್ ಕಂಪನಿಯದು, ಸಹಿ ನಿರ್ದೇಶಕರದು. ಕಂಪನಿಯ ಚೆಕ್ ಆಗಿದ್ದರೆ ಕಂಪನಿಯನ್ನೇ ಆರೋಪಿ ಮಾಡಬೇಕು, ಬರೀ ಸಹಿ ಮಾಡಿದವರ ಮೇಲೆ ಕೇಸ್ ಹಾಕಿದರೆ ನಿಲ್ಲುವುದಿಲ್ಲ. 2012ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ಆದ್ದರಿಂದ ನೋಟಿಸು ಕಂಪನಿಗೂ ಹೋಯಿತು, ನಿರ್ದೇಶಕರಿಗೂ ಹೋಯಿತು.

ಮೂರನೆಯದು ನಮಗೆ ತುಂಬಾ ಸಮಾಧಾನ ಕೊಟ್ಟ ವಿಷಯ. "ಇದಕ್ಕೆ ಬೆಂಗಳೂರಿಗೆ ಓಡಾಡಬೇಕಾ?" ಅಂತ ಅತ್ತಿಗೆ ಕೇಳಿದಳು. ಬೇಕಾಗಿಲ್ಲ. 2015ರ ತಿದ್ದುಪಡಿಯ ನಂತರ, ಖಾತೆಗೆ ಹಾಕಿದ ಚೆಕ್ ಬೌನ್ಸ್ ಆದರೆ, ದುಡ್ಡು ಬರಬೇಕಾದವರ ಖಾತೆ ಯಾವ ಶಾಖೆಯಲ್ಲಿದೆಯೋ ಅಲ್ಲಿನ ಕೋರ್ಟಿನಲ್ಲೇ ಕೇಸ್ ನಡೆಯುತ್ತದೆ. ನಮ್ಮ ಖಾತೆ ಹುಬ್ಬಳ್ಳಿಯದು, ಕೇಸೂ ಹುಬ್ಬಳ್ಳಿಯದು. ಓಡಾಟವೆಲ್ಲ ಎದುರಿನವರಿಗೆ. ಹಾಗಾಗಿ ಇಂಥ ಕೇಸಿಗೆ ದೊಡ್ಡ ಊರಿನ ದೊಡ್ಡ ಫರ್ಮ್ ಬೇಕಿಲ್ಲ. ನಿಮ್ಮ ಕೋರ್ಟಿನಲ್ಲಿ ದಿನಾ ನಿಲ್ಲುವ, ಚೆಕ್ ಕೇಸು ರೂಢಿ ಇರುವ ವಕೀಲರೇ ಸರಿಯಾದ ಆಯ್ಕೆ.

ಹಿರಿಯರಿಗೆ ವಿಷಯ ತಿಳಿಸಿ ಯುವಕನಿಗೇ ಕೇಸ್ ಕೊಟ್ಟೆವು. ಅವರು ಬೇಸರ ಮಾಡಿಕೊಳ್ಳಲಿಲ್ಲ, ಹೊಲದ ಕಾಗದ ಈಗಲೂ ಅವರೇ ನೋಡುತ್ತಾರೆ. ಕೇಸ್ ದಾಖಲಾದ ಮೇಲೆ ಡಿಸ್ಟ್ರಿಬ್ಯೂಟರ್ ಮಾತುಕತೆಗೆ ಬಂದರು. ಲೋಕ ಅದಾಲತ್‌ನಲ್ಲಿ ಕಂತಿನ ಮೇಲೆ ರಾಜಿಯಾಯಿತು. ರಾಜಿ ಅಂದರೆ ಬಾಯಿಮಾತಲ್ಲ. ಲೋಕ ಅದಾಲತ್‌ನ ಆದೇಶಕ್ಕೆ ಸಿವಿಲ್ ಡಿಕ್ರಿಯ, ಅಂದರೆ ಸಿವಿಲ್ ಕೋರ್ಟ್ ತೀರ್ಪಿನ, ಬಲವಿದೆ, ಕಂತು ತಪ್ಪಿದರೆ ಅದನ್ನೇ ಜಾರಿಗೆ ಹಾಕಬಹುದು. ಕೇಸು ಪೂರ್ತಿ ನಡೆಸುವುದಾದರೆ, ವಿಚಾರಣೆ ನಡೆಯುತ್ತಿರುವಾಗಲೇ ಚೆಕ್ ಮೊತ್ತದ ಶೇ. 20ರವರೆಗೆ ಮಧ್ಯಂತರ ಪರಿಹಾರ ಕೊಡಿಸುವ ಅಧಿಕಾರ 2018ರಿಂದ ಕೋರ್ಟಿಗೆ ಇದೆ. ಅದನ್ನು ಕೇಳಿ ಅರ್ಜಿ ಹಾಕುತ್ತೀರಾ ಅಂತ ನಿಮ್ಮ ವಕೀಲರನ್ನು ಮೊದಲ ದಿನವೇ ಕೇಳಿ.

ಚೆಕ್ ಇಲ್ಲದ ಬಾಕಿ

ಬಿಲ್ ಇದೆ, ಮಾಲು ಮುಟ್ಟಿದ ಸಹಿ ಇದೆ, ಚೆಕ್ ಮಾತ್ರ ಇಲ್ಲ. ಆಗ ಎರಡು ದಾರಿ.

ಮೊದಲನೆಯದು 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮ) ಕಾಯ್ದೆಯ ಸೌಲಭ್ಯ ಮಂಡಳಿ, ಬಾಕಿಯ ತಕರಾರು ತೀರಿಸುವ ಮಂಡಳಿ. ನೀವು ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಅಥವಾ ಸಣ್ಣ ತಯಾರಕರಾಗಿದ್ದರೆ, ಇಲ್ಲವೇ ಸೇವೆ ಕೊಡುವವರಾಗಿದ್ದರೆ, ಕೊಂಡವರು ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು. ಕರಾರೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ಕೊಂಡವರು ದೇಶದ ಯಾವ ಮೂಲೆಯಲ್ಲಿದ್ದರೂ ನಿಮ್ಮ ರಾಜ್ಯದ ಮಂಡಳಿಯಲ್ಲೇ ಅರ್ಜಿ ಹಾಕಬಹುದು. ಮಂಡಳಿಯ ಆದೇಶ ಪ್ರಶ್ನಿಸಬೇಕಾದರೆ ಅವರು ಆದೇಶದ ಶೇ. 75ರಷ್ಟು ಮೊತ್ತ ಠೇವಣಿ ಇಡಬೇಕು. ಇದರಷ್ಟು ನಮ್ಮ ಪರ ಇರುವ ಕಾನೂನು ಬೇರೆ ಇಲ್ಲ ಅಂತಲೇ ನನ್ನ ಅನಿಸಿಕೆ. ಆದರೂ ಎಷ್ಟೋ ಜನ ಇದನ್ನು ಬಳಸುವುದಿಲ್ಲ.

ಅರ್ಜಿ ಆನ್‌ಲೈನ್‌ನಲ್ಲೇ ಹಾಕುವುದು. ಬಿಲ್, ಪರ್ಚೇಸ್ ಆರ್ಡರ್, ಮಾಲು ಮುಟ್ಟಿದ ದಾಖಲೆ ಸರಿ ಇದ್ದರೆ ಸ್ವಂತವಾಗಿ ಹಾಕಬಹುದು. ಬಡ್ಡಿ ಲೆಕ್ಕಕ್ಕೆ ಸಿಎ ಸಹಾಯ ಪಡೆಯಿರಿ. ರಾಜಿ ಆಗದೆ ಆರ್ಬಿಟ್ರೇಷನ್, ಅಂದರೆ ಎರಡೂ ಕಡೆ ಕೇಳಿ ತೀರ್ಮಾನ ಕೊಡುವ ಹಂತಕ್ಕೆ ಹೋದಾಗ, ಅಥವಾ "ನಿಮ್ಮ ಮಾಲೇ ಸರಿ ಇರಲಿಲ್ಲ" ಅಂತ ಎದುರಿನವರು ತಕರಾರು ತೆಗೆದಾಗ ವಕೀಲರು ಬೇಕಾಗುತ್ತಾರೆ. ಉದ್ಯಮ್ ನೋಂದಣಿಯನ್ನು ಮಾಲು ಕಳಿಸುವ ಮೊದಲೇ ಮಾಡಿಸಿರಬೇಕು. ಬಾಕಿ ಬಿದ್ದ ಮೇಲೆ ಮಾಡಿಸಿದರೆ ಅದೇ ಒಂದು ವಾದಕ್ಕೆ ದಾರಿ. ತಯಾರಿಸದೆ ಬರೀ ಕೊಂಡು ಮಾರುವ ವ್ಯಾಪಾರಿಗಳಿಗೆ ಈ ಸೌಲಭ್ಯ ಅನ್ವಯಿಸುವುದಿಲ್ಲ ಅನ್ನುವುದೂ ನೆನಪಿರಲಿ.

ಇದಕ್ಕೂ ಮೊದಲು ಒಂದು ಕಾಗದ ಬರೆದು ನೋಡಿ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಈ ಗಡುವಿನೊಳಗೆ ದುಡ್ಡು ಕೊಡದಿದ್ದರೆ, ಕೊಂಡವರು ಆ ಖರ್ಚನ್ನು ಆದಾಯ ತೆರಿಗೆಯಲ್ಲಿ ಆ ವರ್ಷ ತೋರಿಸಲು ಆಗುವುದಿಲ್ಲ, ದುಡ್ಡು ಕೊಟ್ಟ ವರ್ಷವೇ ತೋರಿಸಬೇಕು. 2024–25ರ ಅಸೆಸ್‌ಮೆಂಟ್ ವರ್ಷದಿಂದ ಈ ನಿಯಮ ಇದೆ. ನಮ್ಮ ಉದ್ಯಮ್ ನಂಬರ್ ಹಾಕಿ, ಈ ನಿಯಮ ನೆನಪಿಸಿ, ಮಾರ್ಚ್ ತಿಂಗಳಿಗೆ ಮುಂಚೆ ಸಿಎ ಕಳಿಸಿದ ಒಂದು ಇಮೇಲಿನಿಂದಲೇ ನಮಗೆ ಹಳೆ ಬಾಕಿ ಬಂದಿದೆ. ವಕೀಲರ ಖರ್ಚು ಸೊನ್ನೆ.

ಎರಡನೇ ದಾರಿ ಸಿವಿಲ್ ದಾವೆ. ಮೂರು ವರ್ಷದ ಕಾಲಮಿತಿ ಇದೆ. ವಾಣಿಜ್ಯ ವ್ಯವಹಾರದ ಬಾಕಿ 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕಮರ್ಷಿಯಲ್ ಕೋರ್ಟ್. ಅಲ್ಲಿ ತುರ್ತು ಆದೇಶ ಬೇಕಾದ ಪ್ರಕರಣ ಬಿಟ್ಟು ಉಳಿದವರು ದಾವೆಗೆ ಮೊದಲು ರಾಜಿ ಮಾತುಕತೆಯ ಮಧ್ಯಸ್ಥಿಕೆಗೆ (ಮೀಡಿಯೇಷನ್) ಹೋಗಲೇಬೇಕು. ಹೋಗದೆ ಹಾಕಿದ ದಾವೆ ತಿರಸ್ಕಾರವಾಗುತ್ತದೆ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ವಕೀಲರಿಗೆ ಕೇಳಬೇಕಾದ ಒಂದು ಪ್ರಶ್ನೆ: "ದಾವೆಗೆ ಮೊದಲು ಮಧ್ಯಸ್ಥಿಕೆ ಬೇಕಾಗುತ್ತದಾ?" ಕಮರ್ಷಿಯಲ್ ಕೇಸು ನಡೆಸುವವರಾದರೆ ಕಮರ್ಷಿಯಲ್ ಕೋರ್ಟ್ ಕಾಯ್ದೆಯ 12ಎ ಕಲಂ ಅಂತ ತಕ್ಷಣ ಹೇಳುತ್ತಾರೆ. ಹೊಸಬರಂತೆ ಕೇಳಿಸಿಕೊಂಡರೆ ಅವರ ಕ್ಷೇತ್ರ ಬೇರೆ ಅಂತ ಅರ್ಥ.

ಕರಾರು ಓದುವ ವಕೀಲರು

ಬಿಸಿನೆಸ್ ವಕೀಲರು ಅನ್ನುವುದು ಇವರನ್ನೇ. ಇವರು ಕೋರ್ಟಿನಲ್ಲಿ ಕಡಿಮೆ ಕಾಣಿಸುತ್ತಾರೆ. ಕರಾರು ಬರೆಯುವುದು, ತಿದ್ದುವುದು, ಎದುರಿನವರ ವಕೀಲರ ಜೊತೆ ಮಾತಾಡುವುದು ಇವರ ಕೆಲಸ. ಸಣ್ಣ ಊರುಗಳಲ್ಲಿ ಕಡಿಮೆ, ಬೆಂಗಳೂರಿನಲ್ಲಿ ಜಾಸ್ತಿ. ಆದರೆ ಈ ಕೆಲಸ ಇಮೇಲ್, ವಿಡಿಯೊ ಕಾಲ್‌ನಲ್ಲೇ ಆಗುವುದರಿಂದ ಊರು ಮುಖ್ಯವಲ್ಲ.

ಒಂದು ಅಂಗಡಿ ಸರಣಿಯವರು ನಮ್ಮ ಪುಡಿ ಮಾರಲು ಒಪ್ಪಿ, ಇಂಗ್ಲಿಷಿನ ದಪ್ಪ ಕರಾರು ಕಳಿಸಿದರು. "ಇದು ಸ್ಟ್ಯಾಂಡರ್ಡ್ ಮೇಡಂ, ಎಲ್ಲರೂ ಸಹಿ ಮಾಡುತ್ತಾರೆ" ಅಂದರು. ನಾವು ಬೆಂಗಳೂರಿನಲ್ಲಿ ಒಬ್ಬರೇ ಆಫೀಸು ನಡೆಸುವ ವಕೀಲೆಯೊಬ್ಬರಿಗೆ ಕಳಿಸಿದೆವು. ಅವರು ಕರಾರಿನ ಬಗ್ಗೆ ಮಾತಾಡುವ ಮೊದಲು ನಮ್ಮ ಪುಡಿಯ ಬಗ್ಗೆ ಕೇಳಿದರು. ಎಷ್ಟು ತಿಂಗಳು ಕೆಡದೆ ಇರುತ್ತದೆ? ವಾಪಸ್ ಬಂದ ಮಾಲನ್ನು ಏನು ಮಾಡುತ್ತೀರಿ? ಬ್ಯಾಡಗಿ ಮೆಣಸಿನಪುಡಿಯ ಬೆಲೆಯೇ ಅದರ ಬಣ್ಣದಲ್ಲಿದೆ. ಅಂಗಡಿಯ ಬೆಳಕಿನಲ್ಲಿ ತಿಂಗಳುಗಟ್ಟಲೆ ಕೂತ ಪ್ಯಾಕೆಟ್ ಬಣ್ಣ ಕಳೆದುಕೊಳ್ಳುತ್ತದೆ, ಅದನ್ನು ಮತ್ತೆ ಮಾರಲು ಆಗುವುದಿಲ್ಲ ಅಂತ ಹೇಳಿದೆವು.

ಆಮೇಲೆ ಅವರು ಒಂದು ಪ್ಯಾರಾ ತೋರಿಸಿದರು. ಅವಧಿ ಮುಗಿದ, ಹಾನಿಯಾದ ಅಥವಾ ಮಾರಾಟವಾಗದ ಮಾಲನ್ನು ಅಂಗಡಿಯವರು ಯಾವಾಗ ಬೇಕಾದರೂ ವಾಪಸ್ ಮಾಡಬಹುದು, ಅದರ ಬೆಲೆಯನ್ನು ಡೆಬಿಟ್ ನೋಟ್ ಹಾಕಿ ನಮ್ಮ ಬಿಲ್ಲಿನಲ್ಲಿ ಮುರಿದುಕೊಳ್ಳಬಹುದು ಅಂತ ಅದರಲ್ಲಿತ್ತು. ಅಂದರೆ ಆರ್ಡರ್ ಅವರು ಕೊಡುತ್ತಾರೆ, ಮಾರುವುದು ಅವರ ಕೈಯಲ್ಲಿದೆ, ಮಾರದಿದ್ದರೆ ನಷ್ಟ ಮಾತ್ರ ನಮ್ಮದು. ವಕೀಲೆ ಅದನ್ನು ತಿದ್ದಿದರು. "ಮಾರಾಟವಾಗದ" ಅನ್ನುವ ಪದ ಹೋಯಿತು. ಹಾನಿಯಾಗಿದ್ದರೆ ಮಾಲು ಮುಟ್ಟಿದ 7 ದಿನದಲ್ಲಿ ಫೋಟೊ ಸಮೇತ ತಿಳಿಸಬೇಕು. ವಾಪಸಾತಿ ಬಿಲ್ಲಿನ ಶೇ. 3 ಮೀರುವಂತಿಲ್ಲ. ನಾವು ಬರೆದು ಒಪ್ಪದೆ ಡೆಬಿಟ್ ನೋಟ್ ಹಾಕುವಂತಿಲ್ಲ. ದುಡ್ಡು 90 ದಿನಕ್ಕೆ ಅಂತ ಇದ್ದದ್ದನ್ನು 45ಕ್ಕೆ ಇಳಿಸಿದರು. ಕಾನೂನಿನಲ್ಲೇ ಅದಕ್ಕಿಂತ ಜಾಸ್ತಿ ಇಲ್ಲ ಅಂತ ಕಲಂ ಸಮೇತ ಬರೆದರು. ವ್ಯಾಜ್ಯ ಬಂದರೆ ಮುಂಬೈ ಕೋರ್ಟ್ ಮಾತ್ರ ಅಂತಿದ್ದದ್ದು ಧಾರವಾಡ ಜಿಲ್ಲೆ ಅಂತ ಆಯಿತು.

ಎಲ್ಲವನ್ನೂ ಅವರು ಒಪ್ಪಲಿಲ್ಲ. ಶೇ. 3 ಅನ್ನುವುದು ಎಳೆದಾಡಿ ಶೇ. 5 ಆಯಿತು. ಆದರೂ "ಎಲ್ಲರೂ ಸಹಿ ಮಾಡುತ್ತಾರೆ" ಅಂದವರೇ ಬಹುಪಾಲು ತಿದ್ದುಪಡಿಗೆ ಒಪ್ಪಿದರು. ನಾವಿಬ್ಬರೇ ಕೇಳಿದ್ದರೆ ಇಷ್ಟು ಆಗುತ್ತಿರಲಿಲ್ಲ. ವಕೀಲರಿಗೆ ಕೊಟ್ಟ ದುಡ್ಡಿನಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಆ ಫೀಸು ಒಂದು ಸಣ್ಣ ಆರ್ಡರಿನ ಲಾಭದಷ್ಟೂ ಇರಲಿಲ್ಲ.

ದೊಡ್ಡ ಲಾ ಫರ್ಮುಗಳ ಮಾತು ಬೇರೆ. ಹೊರಗಿನ ಹೂಡಿಕೆದಾರರು ಬರುವಾಗ, ಕಂಪನಿ ಮಾರುವಾಗ, ವಿದೇಶದವರ ಜೊತೆ ದೊಡ್ಡ ಒಪ್ಪಂದ ಆಗುವಾಗ ಅವರು ಬೇಕು. ಅಲ್ಲಿ ಗಂಟೆ ಲೆಕ್ಕದ ಬಿಲ್. ದೊಡ್ಡ ಹೆಸರು ನೋಡಿ ಹೋದರೆ ನಿಮ್ಮ ಸಣ್ಣ ಫೈಲು ಹೊಸದಾಗಿ ಸೇರಿದವರ ಕೈಗೆ ಹೋಗಬಹುದು. "ನನ್ನ ಕೆಲಸ ಮಾಡುವವರು ಯಾರು?" ಅಂತ ನೇರವಾಗಿ ಕೇಳಿ.

ಬಾಡಿಗೆ ಕರಾರನ್ನು ಹೆಚ್ಚಿನವರು ಸಬ್‌ರಿಜಿಸ್ಟ್ರಾರ್ ಆಫೀಸಿನ ಹತ್ತಿರ ಟೈಪ್ ಮಾಡುವವರ ಬಳಿ 11 ತಿಂಗಳಿಗೆ ಮಾಡಿಸುತ್ತಾರೆ. ಅಂಗಡಿಗೆ ಅದು ನಡೆದೀತು. ಮಷಿನ್ ಕೂರಿಸಿ, ಮೂರು ಫೇಸ್ ಲೈನ್ ಎಳೆಸಿ, ಆಹಾರ ಪರವಾನಗಿಗೆ ವಿಳಾಸ ಕೊಟ್ಟ ಮೇಲೆ 11 ತಿಂಗಳಿಗೆ ಖಾಲಿ ಮಾಡಿ ಅಂದರೆ ಎಲ್ಲಿಗೆ ಹೋಗುವುದು? ಘಟಕದ ಜಾಗಕ್ಕೆ ಹಲವು ವರ್ಷದ ಲೀಸ್ ಮಾಡಿಸಿ, ನೋಂದಣಿ ಮಾಡಿಸಿ. ಒಂದು ವರ್ಷ ಮೀರಿದ ಲೀಸಿಗೆ ನೋಂದಣಿ ಕಡ್ಡಾಯ. ಸ್ಟ್ಯಾಂಪ್ ಖರ್ಚು ಬರುತ್ತದೆ, ಕೊಡಿ.

ಫೀಸಿನ ಬಗೆಗಳು

ಕೋರ್ಟ್ ಕೇಸಿಗೆ ನಮ್ಮ ಕಡೆ ಎರಡು ರೀತಿ ಕೇಳುತ್ತಾರೆ. ಇಡೀ ಕೇಸಿಗೆ ಇಷ್ಟು ಅಂತ ಕಂತಿನಲ್ಲಿ, ಇಲ್ಲವೇ ಪ್ರತಿ ಹಾಜರಿಗೆ ಇಷ್ಟು ಅಂತ. ಸಣ್ಣ ಉದ್ಯಮಕ್ಕೆ ಮೊದಲನೆಯದೇ ವಾಸಿ. ವಾಯಿದೆ ಮುಂದೆ ಹೋಗುವುದು ನಮ್ಮ ಕೈಯಲ್ಲೂ ಇಲ್ಲ, ವಕೀಲರ ಕೈಯಲ್ಲೂ ಇಲ್ಲ. ಹಾಜರಿ ಲೆಕ್ಕದಲ್ಲಿ ಏನೂ ನಡೆಯದ ದಿನಕ್ಕೂ ದುಡ್ಡು ಹೋಗುತ್ತದೆ. ಕಂತನ್ನು ಹಂತಕ್ಕೆ ಕಟ್ಟಿ: ನೋಟಿಸಿಗೆ ಇಷ್ಟು, ದೂರು ದಾಖಲಾದಾಗ ಇಷ್ಟು, ಸಾಕ್ಷ್ಯ ಮುಗಿದಾಗ ಇಷ್ಟು. ಕೋರ್ಟ್ ಶುಲ್ಕ, ಟೈಪಿಂಗ್, ಅಂಚೆ ಖರ್ಚು ಇದರಲ್ಲಿ ಸೇರಿದೆಯಾ ಅಂತಲೂ ಬರೆಸಿಕೊಳ್ಳಿ.

"ಗೆದ್ದರೆ ಬಂದ ದುಡ್ಡಿನಲ್ಲಿ ಇಷ್ಟು ಪರ್ಸೆಂಟ್" ಅನ್ನುವ ಮಾತು ಬಂದರೆ ಅಲ್ಲಿಂದ ಎದ್ದು ಬನ್ನಿ. ಕೇಳಲು ಚೆನ್ನಾಗಿರುತ್ತದೆ. ಆದರೆ ಫಲಿತಾಂಶಕ್ಕೆ ಕಟ್ಟಿದ ಫೀಸು, ಬಂದ ದುಡ್ಡಿನಲ್ಲಿ ಪಾಲು, ಎರಡೂ ಬಾರ್ ಕೌನ್ಸಿಲಿನ ನಿಯಮಕ್ಕೆ ವಿರುದ್ಧ. ನಿಯಮ ಮುರಿದೇ ಶುರು ಮಾಡುವವರ ಕೈಗೆ ನಮ್ಮ ಕಾಗದ ಯಾಕೆ ಕೊಡಬೇಕು?

ತಿಂಗಳಿಗಿಷ್ಟು ಅಂತ ಕೊಟ್ಟು ವಕೀಲರನ್ನು ಗೊತ್ತು ಮಾಡಿಕೊಳ್ಳುವುದನ್ನು ರಿಟೇನರ್ ಅನ್ನುತ್ತಾರೆ. ತಿಂಗಳಿಗೆ ಒಂದೆರಡಾದರೂ ಕರಾರು, ನೋಟಿಸು ಬರುವವರಿಗೆ ಅದು ಸರಿ. ನಮ್ಮಂಥವರಿಗೆ ಬೇಡ. ಕೆಲಸ ಬಂದಾಗ ಆ ಕೆಲಸಕ್ಕೆ ಒಂದು ಮೊತ್ತ ಮಾತಾಡಿಕೊಂಡರೆ ಸಾಕು.

ವಕೀಲರ ಬಿಲ್ಲಿನಲ್ಲಿ ಜಿಎಸ್‌ಟಿ ಇಲ್ಲ ಅಂತ ಖುಷಿಪಡಬೇಡಿ. ನಿಮ್ಮ ವಹಿವಾಟು ನೋಂದಣಿ ಮಿತಿ ದಾಟಿದ್ದರೆ, ಅವರ ಫೀಸಿನ ಮೇಲಿನ ಜಿಎಸ್‌ಟಿಯನ್ನು ರಿವರ್ಸ್ ಚಾರ್ಜ್‌ನಲ್ಲಿ ನೀವೇ ಕಟ್ಟಬೇಕು. ಆಮೇಲೆ ಇನ್‌ಪುಟ್ ಕ್ರೆಡಿಟ್ ತೆಗೆದುಕೊಳ್ಳಬಹುದು, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅದನ್ನು ಮುರಿದುಕೊಳ್ಳಬಹುದು. ಫೀಸಿನ ಬಿಲ್ ಬಂದ ತಿಂಗಳೇ ಸಿಎಗೆ ಕಳಿಸಿ, ಟಿಡಿಎಸ್ (ಫೀಸಿನಲ್ಲೇ ಮುರಿದು ಕಟ್ಟುವ ಆದಾಯ ತೆರಿಗೆ) ಹಿಡಿಯಬೇಕಾ ಅನ್ನುವುದನ್ನೂ ಅವರೇ ನೋಡುತ್ತಾರೆ.

ಸ್ವಂತ ಹೆಸರಿನಲ್ಲಿ ವ್ಯಾಪಾರ ಮಾಡುವ ಹೆಣ್ಣುಮಕ್ಕಳಿಗೆ ಒಂದು ಮಾತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಉಚಿತ ಕಾನೂನು ನೆರವು ಪಡೆಯಲು ಮಹಿಳೆಯರಿಗೆ ಆದಾಯದ ಮಿತಿ ಇಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೂ ಹಾಗೆಯೇ. ಫೀಸು ಕೊಡಲು ನಿಜವಾಗಿ ಕಷ್ಟವಿದ್ದರೆ ಜಿಲ್ಲಾ ಕೋರ್ಟಿನಲ್ಲೇ ಇರುವ ಪ್ರಾಧಿಕಾರದ ಆಫೀಸಿಗೆ ಹೋಗಿ ಕೇಳಿ. ಸಂಕೋಚ ಬೇಡ.

ಮೊದಲ ಭೇಟಿಗೆ ಹೋಗುವಾಗ

ಬರೀ ಕಥೆ ಹೇಳಲು ಹೋಗಬೇಡಿ, ಕಾಗದ ಒಯ್ಯಿರಿ. ಒಂದು ಹಾಳೆಯಲ್ಲಿ ತಾರೀಖು ಪ್ರಕಾರ ಏನೇನಾಯಿತು ಅಂತ ಬರೆಯಿರಿ. ಆರ್ಡರ್, ಬಿಲ್, ಮಾಲು ಮುಟ್ಟಿದ ಸಹಿ, ಬಂದ ದುಡ್ಡಿನ ಲೆಡ್ಜರ್, ವಾಟ್ಸ್ಆ್ಯಪ್ ಮಾತುಕತೆ ಜೊತೆಗಿರಲಿ. ಮೆಸೇಜುಗಳನ್ನು ಅಳಿಸಬೇಡಿ, ಫೋನ್ ಬದಲಿಸುವಾಗಲೂ ಜೋಪಾನ. ನಿಮಗೆ ವಿರುದ್ಧವಾಗಿ ಹೋಗುವ ಕಾಗದವನ್ನೂ ತೋರಿಸಿ. ಅದನ್ನು ನಿಮ್ಮ ವಕೀಲರು ಮೊದಲು ನೋಡಬೇಕೇ ಹೊರತು ಎದುರಿನ ವಕೀಲರಲ್ಲ.

ಅವರು ಯಾವ ಥರದ ಕೇಸು ನಡೆಸುತ್ತಾರೆ ಅನ್ನುವುದನ್ನು ಇ–ಕೋರ್ಟ್ಸ್ ಆ್ಯಪ್‌ನಲ್ಲಿ ವಕೀಲರ ಹೆಸರು ಹಾಕಿ ನೀವೇ ನೋಡಬಹುದು. ಎಲ್ಲವೂ ಪಾಲು ವಿಭಾಗದ ದಾವೆಗಳಾಗಿದ್ದರೆ ನಿಮ್ಮ ಟ್ರೇಡ್‌ಮಾರ್ಕ್ ಜಗಳಕ್ಕೆ ಅವರು ತಕ್ಕವರಲ್ಲ. ಕೇಸ್ ಕೊಟ್ಟ ಮೇಲೂ ವಾಯಿದೆ ತಾರೀಖು ಕೇಳಲು ದಿನಾ ಫೋನ್ ಮಾಡಬೇಕಿಲ್ಲ, ಅದೇ ಆ್ಯಪ್‌ನಲ್ಲಿ ಬರುತ್ತದೆ. ಇದರಿಂದ ವಕೀಲರಿಗೂ ನೆಮ್ಮದಿ.

ಎದುರಿನ ಪಾರ್ಟಿಯ ಹೆಸರು ಹೇಳಿ, ಅವರ ಕೆಲಸ ಮಾಡಿದ್ದೀರಾ ಅಂತ ಕೇಳಿ. ಸಣ್ಣ ಊರಿನಲ್ಲಿ ಇದು ಮುಖ್ಯ.

ಫೀಸು, ಕೆಲಸದ ವ್ಯಾಪ್ತಿ, ಕೊಟ್ಟ ಮೂಲ ದಾಖಲೆಗಳ ಪಟ್ಟಿ, ಇಷ್ಟನ್ನು ಒಂದು ಇಮೇಲಿನಲ್ಲಾದರೂ ಬರೆದಿಟ್ಟುಕೊಳ್ಳಿ. ವಕೀಲರ ಸೇವೆ ಗ್ರಾಹಕರ ರಕ್ಷಣಾ ಕಾಯ್ದೆಯ ಅಡಿ ಬರುವುದಿಲ್ಲ ಅಂತ 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಕೆಲಸ ಸರಿಯಾಗಲಿಲ್ಲ ಅಂತ ಗ್ರಾಹಕರ ಆಯೋಗಕ್ಕೆ ಹೋಗುವ ದಾರಿ ಮುಚ್ಚಿದೆ. ವೃತ್ತಿಗೆ ತಕ್ಕುದಲ್ಲದ ನಡತೆ ಇದ್ದರೆ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ಅಲ್ಲಿಗೂ ನಿಮ್ಮ ಹತ್ತಿರ ಬರವಣಿಗೆ ಇರಬೇಕು.

ವಕೀಲರನ್ನು ಬದಲಿಸಬೇಕು ಅನಿಸಿದರೆ ಜಗಳ ಮಾಡಬೇಡಿ. ಆಗಿರುವ ಕೆಲಸದ ಫೀಸು ಕೊಟ್ಟು, ಬೇರೆ ವಕೀಲರಿಗೆ ಕೇಸ್ ಕೊಡಲು ಅವರ ಒಪ್ಪಿಗೆ ಪತ್ರ ಮತ್ತು ಫೈಲು ಕೇಳಿ. ಫೀಸಿನ ಬಗ್ಗೆ ತಕರಾರು ಇದ್ದರೂ ಫೈಲು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ. 2000ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಫೈಲು ಕೈಗೆ ಬಂದ ದಿನ ಮುಂದಿನ ವಾಯಿದೆ ಯಾವಾಗ ಅಂತ ಮೊದಲು ನೋಡಿ, ಅದಕ್ಕೆ ಒಂದು ವಾರ ಮುಂಚೆಯಾದರೂ ಹೊಸ ವಕೀಲರ ವಕಾಲತ್ತಿಗೆ (ನಮ್ಮ ಪರ ಕೇಸ್ ನಡೆಸಲು ಕೊಡುವ ಅಧಿಕಾರ ಪತ್ರಕ್ಕೆ) ಸಹಿ ಹಾಕಿ ಕೊಡಿ.